ಹೋಬಾರ್ಟರ ಹಿಂದಿನ ಕುರ್ಚಿ

ಸರೋಜಿನಿ ಕಾರ್ಕಳದವಳು. ಮಂಗಳೂರಿನಲ್ಲಿ ನರ್ಸಿಂಗ್ ಓದಿ, ಕೆಲವು ವರ್ಷ ಮಸ್ಕತ್ತಿನಲ್ಲಿ ದುಡಿದು, ಗಂಡ ದೂಮಪ್ಪನ ಜೊತೆ ಅಮೆರಿಕದ ಹರ್ನ್‌ಡನ್‌ಗೆ ಬಂದವಳು. ದೂಮಪ್ಪನಿಗೆ ಅಲ್ಲೇ ಹತ್ತಿರದ ಡಲ್ಲಸ್ ವಿಮಾನ ನಿಲ್ದಾಣದ ಅಡುಗೆಮನೆಯಲ್ಲಿ ಕೆಲಸ. ಇವಳು ಅಲ್ಲಿನ ನರ್ಸಿಂಗ್ ಪರೀಕ್ಷೆ ಇನ್ನೂ ಪಾಸು ಮಾಡಿರಲಿಲ್ಲ. ಹಾಗಾಗಿ ೧೯೯೬ರ ಚಳಿಗಾಲದಲ್ಲಿ ವಯಸ್ಸಾದವರನ್ನು ಅವರ ಮನೆಗೇ ಹೋಗಿ ನೋಡಿಕೊಳ್ಳುವ ಕೆಲಸ ಹಿಡಿದಳು.

ಮೊದಲು ಸಿಕ್ಕಿದವರು ಹೋಬಾರ್ಟ್. ಅವರ ಕೋಣೆಯ ದಕ್ಷಿಣದ ಕಿಟಕಿಗೆ ಮೊಳೆ ಹೊಡೆದು ಕಂಬಳಿ ಬಿಗಿದಿದ್ದರು.

"ಅದನ್ನು ಮಾತ್ರ ತೆಗೆಯಬೇಡಿ," ಎಂದಳು ಅವರ ಮಗಳು. "ಬಿಸಿಲು ಕಂಡರೆ ಅಪ್ಪ ಕೂಗಾಡುತ್ತಾರೆ."

ಹೋಬಾರ್ಟ್ ಕೊರಿಯಾ ಯುದ್ಧದಲ್ಲಿ ಪ್ರೊಪೆಲರ್ ವಿಮಾನ ಹಾರಿಸಿದವರು. ಬೆಳಗ್ಗೆ ತಿಂದದ್ದು ಮಧ್ಯಾಹ್ನಕ್ಕೆ ಮರೆತುಹೋಗುತ್ತಿತ್ತು. ಯುದ್ಧದ ಮೊದಲ ಚಳಿಗಾಲ ಮಾತ್ರ ಮರೆತಿರಲಿಲ್ಲ.

"ಅಲ್ಲಿಯವರೆಗೆ ಆಕಾಶ ನಮ್ಮದೇ ಆಗಿತ್ತು," ಎನ್ನುತ್ತಿದ್ದರು. "ಒಂದು ದಿನ ಗಡಿಯ ನದಿಯಾಚೆಯಿಂದ ಶತ್ರುಗಳ ಜೆಟ್‌ಗಳು ಬಂದವು. ರೆಕ್ಕೆ ಹಿಂದಕ್ಕೆ ಬಾಗಿದ್ದವು. ಸೂರ್ಯನ ಕಡೆಯಿಂದಲೇ ಬರುತ್ತಿದ್ದವು. ತಿರುಗಿ ನೋಡಿದರೆ ಏನೂ ಇಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಬೆನ್ನ ಮೇಲೆ. ಓಡಿ ತಪ್ಪಿಸಿಕೊಳ್ಳುವ ಮಾತೇ ಇಲ್ಲ. ಗಕ್ಕನೆ ತಿರುಗಿದರೆ ಉಳಿದೆ, ಅಷ್ಟೇ."

ಅವರ ಬೆನ್ನು ಕಾಯುತ್ತಿದ್ದ ಜೊತೆಗಾರ ಡೆಲ್ ಒಂದು ಮಧ್ಯಾಹ್ನ ಮರಳಿ ಬರಲಿಲ್ಲ. ಹೋಬಾರ್ಟ್ ಈಗ ಸರೋಜಿನಿಯನ್ನೇ ಡೆಲ್ ಎಂದು ಕರೆಯತೊಡಗಿದರು. ತಮ್ಮ ಕುರ್ಚಿಯ ಹಿಂದೆ, ಎಡಕ್ಕೆ ಇನ್ನೊಂದು ಕುರ್ಚಿ ಹಾಕಿಸಿ, "ಅಲ್ಲಿ ಕೂತು ಹಿಂದೆ ನೋಡ್ತಾ ಇರು," ಎಂದರು. ಅವರ ಸಮಾಧಾನಕ್ಕೆಂದು ಕೂತಳು. ದಿನ ಕಳೆದಂತೆ ನಿಜಕ್ಕೂ ಕಾಯತೊಡಗಿದಳು. ಅದು ಯಾವಾಗ ಶುರುವಾಯಿತೆಂದು ಅವಳಿಗೇ ತಿಳಿಯಲಿಲ್ಲ.

ಫೆಬ್ರವರಿಯ ಒಂದು ಮಧ್ಯಾಹ್ನ ಸದ್ದೆಲ್ಲ ನಿಂತಿತು. ಡಲ್ಲಸ್‌ಗೆ ಇಳಿಯುವ ವಿಮಾನಗಳ ಮೊರೆತವಿಲ್ಲ, ಹೀಟರಿನ ಗುಂಯ್‌ಗುಡುವಿಕೆಯೂ ಇಲ್ಲ. ಕಂಬಳಿಯ ಸಣ್ಣ ತೂತಿನಲ್ಲಿ ಬೆಳಕಿನ ಚುಕ್ಕೆಯೊಂದು ಕಂಡಿತು. ಅದು ದಪ್ಪವಾಗುತ್ತ ಬಂತು. ಅದಕ್ಕೆ ರೆಕ್ಕೆಗಳಿದ್ದವು. ಹಿಂದಕ್ಕೆ ಬಾಗಿದ ರೆಕ್ಕೆಗಳು.

"ಎಡಕ್ಕೆ!" ಸರೋಜಿನಿ ಕನ್ನಡದಲ್ಲೇ ಕಿರುಚಿದಳು. "ಎಡಕ್ಕೆ ತಿರುಗಿ!"

ಕನ್ನಡದ ಒಂದಕ್ಷರ ಬಾರದ ಹೋಬಾರ್ಟ್ ಇಡೀ ಮೈಯನ್ನು ಎಡಕ್ಕೆ ವಾಲಿಸಿದರು. ಮೇಜಿನ ಮೇಲಿದ್ದ ಲೋಟದ ನೀರು ಬಲಗಡೆಗೆ ಚೆಲ್ಲಿತು. ಲೋಟವನ್ನು ಯಾರೂ ಮುಟ್ಟಿರಲಿಲ್ಲ. ಕೋಣೆಯಲ್ಲಿ ಸೀಮೆಎಣ್ಣೆ ಸುಟ್ಟ ವಾಸನೆ ಹಬ್ಬಿತು. ಆಮೇಲೆ ಹೀಟರ್ ಮತ್ತೆ ಗುಂಯ್ ಎಂದಿತು.

ಸಂಜೆ ಗಂಡನಿಗೆ ಹೇಳಿದಳು.

"ಎಂತ ಮಾರಾಯ್ತಿ, ಏರ್‌ಪೋರ್ಟ್ ಹತ್ತಿರವೇ ಉಂಟಲ್ಲ. ಅಲ್ಲಿಯ ವಿಮಾನದ ಎಣ್ಣೆಯದ್ದೇ ವಾಸನೆ ಅದು," ಎಂದ ದೂಮಪ್ಪ.

"ಹಾಗಾದ್ರೆ ಶಬ್ದ ಎಲ್ಲಿ ಹೋಯ್ತು?"



ಮರುದಿನ ಹೋಬಾರ್ಟ್ ತಾವೇ ಎದ್ದು ಕಂಬಳಿ ಕಿತ್ತು ಬಿಸಿಲಿನಲ್ಲಿ ಕೂತಿದ್ದರು. "ಸರೋಜಿನಿ," ಎಂದು ಹೆಸರು ಹಿಡಿದು ಕರೆದರು. "ಡೆಲ್ ಸತ್ತು ಬಹಳ ವರ್ಷವಾಯಿತು, ಗೊತ್ತಾ?" ಮಗಳು ಬಾಗಿಲಲ್ಲಿ ನಿಂತು ಅತ್ತಳು. ಅಲ್ಲಿಂದ ಮುಂದೆ ಅವರು ಕೂಗಾಡಲಿಲ್ಲ. ರಾತ್ರಿ ನಿದ್ದೆ ಮಾಡಿದರು, ಹೊಟ್ಟೆ ತುಂಬ ಉಂಡರು.

ವಸಂತದಲ್ಲಿ ಸರೋಜಿನಿಯ ಪರೀಕ್ಷೆ ಪಾಸಾಯಿತು, ಆಸ್ಪತ್ರೆಯೊಂದರಲ್ಲಿ ಕೆಲಸವೂ ಸಿಕ್ಕಿತು. ಕೊನೆಯ ದಿನ ಹೋಬಾರ್ಟ್ ಅವಳ ಕೈ ಹಿಡಿದುಕೊಂಡರು.

"ಆವತ್ತು ನಿನಗೂ ಕಾಣಿಸಿತಲ್ಲವೇ?"

"ಕಾಣಿಸಿತು."

"ಎಷ್ಟು?"

"ಒಂದೇ."

ಹೋಬಾರ್ಟ್ ಅವಳ ಕೈ ಬಿಡಲಿಲ್ಲ. "ಅವು ಒಂದೊಂದಾಗಿ ಬರುತ್ತಿರಲಿಲ್ಲ," ಎಂದರು. "ಯಾವಾಗಲೂ ಜೋಡಿ."

ಸರೋಜಿನಿ ಕಾರಿಗೆ ಬಂದಳು. ತಲೆಯ ಮೇಲೆ ಮೋಡವಿಲ್ಲದ ಆಕಾಶ. ಟೋಲ್ ರೋಡಿನ ಬಯಲು ದಾರಿಗೆ ಹೋಗದೆ, ಮರಗಳು ದಟ್ಟವಾಗಿ ಬೆಳೆದ ಸುತ್ತುದಾರಿಯಲ್ಲಿ ಮನೆ ಸೇರಿದಳು. ಆಸ್ಪತ್ರೆಗೂ ಅವಳು ಇಂದಿಗೂ ಆ ದಾರಿಯಲ್ಲೇ ಹೋಗುತ್ತಾಳೆ.