ಏಳನೇ ಹಾಳೆ ಯಾರ ಹತ್ರ?

ವಾಚನಾಲಯ ನೋಡಿಕೊಳ್ಳುವ ಹೆಂಗಸನ್ನು ಎಲ್ಲರೂ ಹಾಳೆಯಕ್ಕ ಎಂದೇ ಕರೆಯುವುದು. ಬೆಳಿಗ್ಗೆ ಆರು ಪತ್ರಿಕೆ ಬಂದ ಕೂಡಲೇ ಆಕೆ ಒಂದೊಂದರ ಮಡಿಕೆಯನ್ನೂ ಬ್ಲೇಡಿನಿಂದ ಸೀಳುತ್ತಾಳೆ. ಹದಿನಾರು ಪುಟ, ಎಂಟು ಹಾಳೆ, ಎಂಟು ಜನ. ಓದಿದ ಹಾಳೆ ಕೈಯಿಂದ ಕೈಗೆ ಸುತ್ತುತ್ತದೆ. ಇಪ್ಪತ್ತೆರಡು ವರ್ಷದಿಂದ ಇದೇ ಪದ್ಧತಿ. ಓದುಗರ ಸಹಿ ಪುಸ್ತಕದಲ್ಲಿ ಮಾತ್ರ ಪತ್ರಿಕೆಗೆ ಒಂದೇ ಸಹಿ.

ಆ ಒಂದು ಸಹಿಯೇ ಕುತ್ತಿಗೆಗೆ ಬಂತು. ಮೇಲಿನ ಕಚೇರಿಯವರು ಕೂತಲ್ಲೇ ಲೆಕ್ಕ ಹಾಕಿದರು: ಆರು ಪತ್ರಿಕೆ, ಆರು ಸಹಿ, ಆದ್ದರಿಂದ ಆರೇ ಓದುಗರು. ಪತ್ರಿಕೆ ನಿಲ್ಲಿಸಿ, ಒಂದು ಕಂಪ್ಯೂಟರ್ ಇಡಿ, ಹೆಂಗಸೂ ಬೇಡ. ಒಬ್ಬಳ ಕೆಲಸ ಕಿತ್ತುಕೊಳ್ಳುವ ಮೊದಲು ಒಂದು ಸಲ ಬಂದು ತಲೆ ಎಣಿಸೋಣ ಎಂದು ಆ ಮಹಾಶಯರಿಗೆ ಅನಿಸಲೇ ಇಲ್ಲ!

ಕಂಪ್ಯೂಟರ್ ಹೊರಿಸಿಕೊಂಡು ಅಧಿಕಾರಿ ಬಂದಾಗ ಹಾಳೆಯಕ್ಕ ತಕರಾರು ತೆಗೆಯಲಿಲ್ಲ. "ನೀವೇ ನಡೆಸಿ ತೋರಿಸಿ ಸಾರ್" ಎಂದು ಕುರ್ಚಿ ಹಾಕಿಕೊಟ್ಟಳು. ಇಡೀ ವಾಚನಾಲಯ ಅವನ ಬೆನ್ನಿಗೆ ಮುತ್ತಿಕೊಂಡಿತು.

"ಸ್ವಲ್ಪ ಕೆಳಗೆ ಸರಿಸಿ ಸಾರ್."

"ಏ ತಡೀರಿ, ಮೇಷ್ಟ್ರು ಇನ್ನೂ ಮೊದಲನೇ ಸಾಲಲ್ಲೇ ಇದ್ದಾರೆ!"

"ನನಗೇನು ರೈಲು ತಪ್ಪಿಹೋಗುತ್ತಾ?" ಎಂದರು ಮೇಷ್ಟ್ರು. "ನಿಧನವಾರ್ತೆ ತೆಗೀರಿ."

"ಸತ್ತೋರು ಎಲ್ಲಿ ಓಡಿಹೋಗ್ತಾರೆ? ಮೊದಲು ಆಟದ್ದು ಹಾಕಿ!" ಎಂದ ದರ್ಜಿ.

ಅಧಿಕಾರಿ ಬೆವರು ಒರೆಸಿಕೊಂಡು ಎದ್ದ. ಹಾಳೆಯಕ್ಕ ಅವನ ಕೈಗೆ ಒಂದನೇ ಹಾಳೆ ಕೊಟ್ಟಳು. ಮೂರನೇ ಸಲ ಸೆರೆಮನೆಯಿಂದ ಓಡಿಹೋದ ಕಳ್ಳನ ಸುದ್ದಿ. ಕಳ್ಳ ಗೋಡೆ ಹತ್ತುವಷ್ಟರಲ್ಲಿ 'ಹದಿಮೂರನೇ ಪುಟ ನೋಡಿ' ಎಂದಿತ್ತು.

"ಹದಿಮೂರು ಎಲ್ಲಮ್ಮಾ?"

"ಅದು ಏಳನೇ ಹಾಳೆ ಸಾರ್. ದರ್ಜಿ ಅಣ್ಣನ ಹತ್ರ ಇದೆ. ಆಮೇಲೆ ಮೇಷ್ಟ್ರು. ಆಮೇಲೆ ನೀವು."

"ನಾನು ಅಧಿಕಾರಿ ಕಣಮ್ಮಾ!"

"ಇರಬಹುದು ಸಾರ್," ದರ್ಜಿ ತಲೆ ಎತ್ತಲಿಲ್ಲ, "ಕಳ್ಳ ನನಗೂ ಬೇಕು."

ಮುಕ್ಕಾಲು ಗಂಟೆ ಕಾಯಬೇಕಾಯಿತು. ಮಾಡಲು ಬೇರೆ ಕೆಲಸವಿಲ್ಲದೆ ಅಧಿಕಾರಿ ತಲೆ ಎಣಿಸಿದ. ನಲವತ್ತಮೂರು. ತನ್ನನ್ನೂ ಸೇರಿಸಿದರೆ ನಲವತ್ತನಾಲ್ಕು.

ವಾರದೊಳಗೆ ಆದೇಶ ಬಂತು: ಪತ್ರಿಕೆ ಇರಲಿ, ಹೆಂಗಸೂ ಇರಲಿ, ಇನ್ನು ಮುಂದೆ ಹಾಳೆಗೊಂದು ಸಹಿ ಕಡ್ಡಾಯ. ಹಾಳೆಯಕ್ಕ ಅಂದೇ ಮಾರುತ್ತರ ಬರೆದಳು: "ಸಹಿ ಪುಸ್ತಕ ಎಂಟು ಪಟ್ಟು ಬೇಗ ತುಂಬುತ್ತದೆ. ಒಂದು ಡಜನ್ ಕಳಿಸಿ. ಕಾಗದದ್ದೇ ಆಗಲಿ."