ಬೆಳಗಿನ ಚಳಿಗೆ ಎಷ್ಟು ಗಾಳಿ

ಎದುರುಮನೆ ಮಾವನ ಬಲಗೈ ಹೆಬ್ಬೆರಳು ಚಪ್ಪಟೆಯಾಗಿತ್ತು, ಉಗುರಿನ ಅಂಚು ಸದಾ ಸವೆದಿರುತ್ತಿತ್ತು. ಆದೋನಿಯ ಹತ್ತಿ ವ್ಯಾಪಾರಿಯೊಬ್ಬರ ಬಳಿ ಜೀವಮಾನವಿಡೀ ಅರಳೆಯನ್ನು ಬೆರಳುಗಳ ನಡುವೆ ಹಿಂಜಿ, ಎಳೆಯ ಉದ್ದ ನೋಡಿ ನೋಡಿ ಅದು ಹಾಗಾಗಿತ್ತು. ನಾನು ಆ ಸಂದಿಗೆ ಬಾಡಿಗೆಗೆ ಬರುವ ಹೊತ್ತಿಗೆ ಅವರು ಕೆಲಸ ಬಿಟ್ಟಿದ್ದರು. ಒತ್ತಿ ನೋಡುವ ಚಟ ಮಾತ್ರ ಬಿಟ್ಟಿರಲಿಲ್ಲ. ತಳ್ಳುಗಾಡಿಯ ಬದನೆಕಾಯಿ, ಹೊಸ ದಿಂಬು, ಒಲೆಯಿಂದ ಇಳಿದ ರೊಟ್ಟಿ, ಎಲ್ಲದರ ಮೇಲೂ ಆ ಹೆಬ್ಬೆರಳು ಊರುತ್ತಿತ್ತು.

“ಅದೇನು ಹತ್ತಿ ಏನ್ರಿ ಒತ್ತಾಕ? ಚಾಲು, ಚಾಲು, ಬಿಡ್ರಿ” ಎಂದು ಅತ್ತೆ ಬೈಯುತ್ತಿದ್ದರು. ನಮ್ಮ ಕಡೆ ‘ಸಾಕು’ ಎನ್ನುವ ಜಾಗದಲ್ಲಿ ತೆಲುಗಿನ ‘ಚಾಲು’ ತಾನಾಗಿ ಬಂದುಬಿಡುತ್ತದೆ. ಅವರಿಬ್ಬರೂ ನನಗೆ ಬಂಧುಗಳಲ್ಲ. ನಾನು ಹೊಳಗುಂದದವಳು, ಅತ್ತೆಯ ತವರೂ ಹೊಳಗುಂದ. ನಾನು ಅವರನ್ನು ಅತ್ತೆ, ಮಾವ ಎಂದು ಕರೆಯಲು ಅಷ್ಟು ಸಾಕಾಯಿತು. ಶಾಲೆಯಲ್ಲಿ ಪಾಠ ಮುಗಿಸಿ ಬಂದವಳಿಗೆ ಅವರ ಕಟ್ಟೆಯ ಮೇಲೆ ಚಹಾ ಕಾದಿರುತ್ತಿತ್ತು.

ಅತ್ತೆಗೆ ಕ್ಯಾನ್ಸರ್ ಗಡ್ಡೆಯಾಗಿ, ಅದು ಬೆನ್ನುಮೂಳೆಗೆ ಇಳಿಯಿತು. ಕರ್ನೂಲಿನ ಡಾಕ್ಟರು, ಇನ್ನು ರೋಗಕ್ಕೆ ಮದ್ದಿಲ್ಲ, ನೋವಿಗೆ ಮಾತ್ರ ಇದೆ ಎಂದು ಕಳಿಸಿಕೊಟ್ಟರು. ಒಂದು ದಿನ ಬಿಟ್ಟು ಒಂದು ದಿನ ಬೆಳಿಗ್ಗೆ ರೈಲ್ವೆ ಗೇಟಿನ ಆಚೆಗಿನ ಸಣ್ಣ ಆಸ್ಪತ್ರೆಗೆ ಹೋಗಿ ಸೂಜಿ ಹಾಕಿಸಿಕೊಳ್ಳಬೇಕಿತ್ತು. ಆಟೋದಲ್ಲಿ ಕೂರಿಸಿದರೆ ಸಂದಿಯ ಬಂಡೆಕಲ್ಲು ದಾಟುವ ಮೊದಲೇ ಅತ್ತೆ ಚೀರಿದರು. ಕಾರು ತರಿಸಿದರೆ ಒಳಗೆ ಹೋಗಲು ಬೆನ್ನು ಬಾಗಲಿಲ್ಲ. ಮನೆಗೇ ಬಂದು ಸೂಜಿ ಹಾಕುವವರನ್ನು ಮಾವ ಹುಡುಕಿದರು. ಆ ಸೂಜಿಯನ್ನು ಆಸ್ಪತ್ರೆಯಲ್ಲಿಯೇ ಹಾಕಬೇಕಂತೆ.

ಕೊನೆಗೆ ಮಾವ ತಮ್ಮ ಹಳೇ ಸೈಕಲ್ಲಿನ ಹಿಂದಿನ ಕ್ಯಾರಿಯರ್ ಮೇಲೆ ಕೌದಿ ಮಡಚಿ ಕಟ್ಟಿದರು. ಅತ್ತೆ ನೆಟ್ಟಗೆ ಕೂರುವರು, ಮಾವ ಸೈಕಲ್ ಹತ್ತದೆ ಪಕ್ಕದಲ್ಲಿ ನಡೆಯುವರು. ಒಂದು ಕೈ ಹ್ಯಾಂಡಲಿನ ಮೇಲೆ, ಇನ್ನೊಂದು ಅತ್ತೆಯ ಬೆನ್ನಿನ ಮೇಲೆ.

ಆಗ ಶುರುವಾಯಿತು ಗಾಳಿಯ ಚಿಂತೆ. ಮಾಗಿಯ ಚಳಿ. ಸಂಜೆ ಸರಿಯಿದ್ದ ಗಾಲಿ ಬೆಳಗಾಗುವಷ್ಟರಲ್ಲಿ ಮೆತ್ತಗಾಗಿರುತ್ತಿತ್ತು. ಗಾಳಿ ಕಡಿಮೆಯಾದರೆ ಕಲ್ಲಿನ ಏಟು ನೇರ ರಿಮ್ಮಿಗೆ ಬಡಿದು ಅಲ್ಲಿಂದ ಅತ್ತೆಯ ಬೆನ್ನಿಗೆ ಏರುತ್ತಿತ್ತು. ಬಿಗಿಯಾಗಿ ತುಂಬಿದರೆ ಗಾಲಿ ಪುಟಿಯುತ್ತಿತ್ತು. ಮಾವ ಮಫ್ಲರ್ ಸುತ್ತಿಕೊಂಡು ಅಂಗಳದಲ್ಲಿ ಪಂಪು ಒತ್ತುವರು, ಹೆಬ್ಬೆರಳಿಂದ ಟೈರು ಅಮುಕುವರು, ತಲೆಯಾಡಿಸಿ ಮತ್ತೆ ಒತ್ತುವರು. ವಾಪಸು ಬರುವಾಗ ಬಿಸಿಲೇರಿ ಟೈರು ಬಿಗಿದಿರುತ್ತಿತ್ತು. ದಾರಿಯಲ್ಲಿ ನಿಂತು, ಗಾಳಿ ತುಂಬುವ ವಾಲಿನ ನಟ್ಟು ಸಡಿಲಿಸಿ ಒಂದಿಷ್ಟು ಗಾಳಿ ಬಿಡುವರು.

“ಈಗ ಹೆಂಗೈತಿ?” ಎಂದು ಕೇಳುವರು.

“ಚಲೋ ಐತ್ರಿ” ಎನ್ನುವರು ಅತ್ತೆ.

ಒಂದು ಬೆಳಿಗ್ಗೆ ಚಳಿ ಹೆಚ್ಚಾಗಿತ್ತು. ಅತ್ತೆ ಕಂಬಳಿ ಹೊದ್ದು ಕಟ್ಟೆಯ ಮೇಲೆ ಕಾಯುತ್ತಿದ್ದರು. ಮಾವ ಎಷ್ಟು ಪಂಪು ಹೊಡೆದರೂ ಗಾಳಿ ನಿಲ್ಲುತ್ತಿರಲಿಲ್ಲ. ವಾಲಿನೊಳಗಿನ ಸಣ್ಣ ರಬ್ಬರ್ ಕೊಳವೆ ಚಳಿಗೆ ಗಡುಸಾಗಿ ಸೀಳಿಹೋಗಿತ್ತು. ಅವರ ಉಸಿರು ಮೇಲಾಗಿತ್ತು.

ನಾನು ಸ್ಕೂಟಿ ತಂದು ನಿಲ್ಲಿಸಿದೆ. “ಮಾವ, ಇದರ ಮ್ಯಾಲೆ ಕುಂದ್ರಸ್ರಿ. ಮೆಲ್ಲಕ ಕರಕೊಂಡು ಹೋಗ್ತೀನಿ.”

ಇಬ್ಬರೂ ಸೇರಿ ಅತ್ತೆಯನ್ನು ಎತ್ತಿ ಕೂರಿಸಿದೆವು. ಗಾಡಿ ಒಂದು ಮಾರು ಹೋಗಿರಲಿಲ್ಲ, ಅತ್ತೆ ನನ್ನ ಭುಜವನ್ನು ಹಿಂಡಿಬಿಟ್ಟರು. ಮತ್ತೆ ಇಳಿಸಿ ಕಟ್ಟೆಗೇ ತಂದೆವು. ಮಾವ ಯಾರ ಮುಖವನ್ನೂ ನೋಡದೆ, ಆ ಚೂರು ರಬ್ಬರಿಗಾಗಿ ಸೈಕಲ್ ಅಂಗಡಿಯವನ ಮನೆಯ ಕದ ತಟ್ಟಲು ಹೊರಟರು. ಹೊರಟರು ಎನ್ನುವುದಕ್ಕಿಂತ ಓಡಿದರು. ಆ ವಯಸ್ಸಿನಲ್ಲಿ, ಚಪ್ಪಲಿ ಮೆಟ್ಟುವುದನ್ನೂ ಮರೆತು.

ನಾನು ಅತ್ತೆಯ ಪಾದ ತಿಕ್ಕುತ್ತಾ ಕೂತೆ. ಕಣ್ಣಲ್ಲಿ ನೀರು ಬಂತು. “ಅತ್ತಿ, ಸೈಕಲ್ ಮ್ಯಾಲೆ ಆದ್ರೂ ಸ್ವಲ್ಪ ಆರಾಮ ಅನಸ್ತೈತೇನು?” ಎಂದೆ.

ಅತ್ತೆ ಸಂದಿಯ ತಿರುವನ್ನೇ ನೋಡುತ್ತಿದ್ದರು. “ಎಷ್ಟ ಗಾಳಿ ಹಾಕಿದ್ರೂ ನೋವು ಅಷ್ಟ ಐತವ್ವಾ. ಏನೂ ಫರಕು ಇಲ್ಲ. ಆದ್ರ ಅವರ ಕೈಯಾಗ ಇರೋದು ಅದೊಂದ. ಅದನ್ನೂ ಯಾಕ ಕಸಕೊಳ್ಳಲಿ?”

ಮಾವ ಬಂದರು, ರಬ್ಬರ್ ಬದಲಿಸಿದರು, ಗಾಳಿ ತುಂಬಿದರು, ಒತ್ತಿ ನೋಡಿದರು. ಅತ್ತೆಯನ್ನು ಕೂರಿಸಿ ಕೇಳಿದರು. “ಚಲೋ ಐತ್ರಿ, ನಡೀರಿ” ಎಂದರು ಅತ್ತೆ. ಸಂದಿಯ ತಿರುವಿನಲ್ಲಿ ಮರೆಯಾಗುವ ತನಕ ನಾನು ನಿಂತು ನೋಡಿದೆ. ಬೇರೇನು ಮಾಡಲು ಬರುತ್ತಿತ್ತು ನನಗೆ?

ಚಳಿ ಮುಗಿಯುವ ಮೊದಲೇ ಅತ್ತೆ ತೀರಿಕೊಂಡರು. ಪತ್ತಿಕೊಂಡಕ್ಕೆ ಮದುವೆಯಾಗಿ ಹೋಗಿದ್ದ ಅವರ ಮಗಳು ಬಂದು ಎಲ್ಲ ಮುಗಿಯುವ ತನಕ ಇದ್ದಳು. ಅವಳು ಹೋದ ಮರುದಿನ ಸಂಜೆ ಚಹಾ ಮಾಡಿಕೊಂಡು ನಾನೇ ಅವರ ಕಟ್ಟೆಗೆ ಹೋದೆ. ಮಾವ ಲೋಟ ಕೈಗೆ ತೆಗೆದುಕೊಂಡರು. ಆಮೇಲೆ, ಯಾವುದೋ ಮಾತಿನ ನಡುವೆ ಇದ್ದವರಂತೆ ಹೇಳಿದರು: “ಆಕಿ ಚಲೋ ಐತಿ ಅಂತಿದ್ಲಲ್ಲ ತಾಯಿ, ಅದು ಸುಳ್ಳು. ನನಗ ಗೊತ್ತಿತ್ತು.”

ನಾನು ಬೆಚ್ಚಿದೆ.

“ಬೆನ್ನ ಮ್ಯಾಲೆ ನನ್ನ ಕೈ ಇರ್ತಿತ್ತಲ್ಲ. ಒಂದೊಂದು ಕಲ್ಲಿಗೂ ಆಕಿ ಹೆಂಗ ಬಿಗಿ ಹಿಡೀತಾಳ ಅಂತ ತಿಳೀತಿತ್ತು. ಹಂಗಂತ ಗಾಳಿ ಹಾಕೋದು ಬಿಟ್ಟು ಏನ ಮಾಡ್ಲಿ? ನನಗ ಇನ್ನೇನ ಬರತಿತ್ತು? ಸುಳ್ಳ ಹೇಳಿಸಿ ಹೇಳಿಸಿ ಆಕಿಗೆ ಇನ್ನೂ ತ್ರಾಸ ಕೊಟ್ಟೆನೇನೋ.”

ಅತ್ತೆ ನನ್ನ ಹತ್ತಿರ ಆಡಿದ ಮಾತನ್ನು ಹೇಳಲೋ ಬೇಡವೋ ತಿಳಿಯಲಿಲ್ಲ. ಸತ್ತವರ ಗುಟ್ಟು ಅದು. ಆದರೆ ಆ ಮುಖ ನೋಡಿ ತಡೆಯಲಾಗಲಿಲ್ಲ, ಹೇಳಿಬಿಟ್ಟೆ. ಫರಕು ಇಲ್ಲ ಅಂದದ್ದನ್ನೂ ಮುಚ್ಚಲಿಲ್ಲ.

“ಹಂಗಂದ್ಲಾ?” ಎಂದರು ಮಾವ. ಲೋಟ ಕೆಳಗಿಟ್ಟರು. ಆಮೇಲೆ, “ಇನ್ನೊಮ್ಮೆ ಹೇಳು ತಾಯಿ. ಆಕಿ ಹೆಂಗಂದ್ಲು, ಹಂಗ ಹೇಳು” ಎಂದರು. ಹೇಳಿದೆ. ಸಂದಿಯ ದೀಪ ಹತ್ತಿತು. ಅವರ ಲೋಟದ ಚಹಾ ಹಾಗೇ ಆರಿಹೋಗಿತ್ತು.

ಬೇಸಿಗೆಗೆ ಮಗಳು ಬಂದು ಅವರನ್ನು ಪತ್ತಿಕೊಂಡಕ್ಕೆ ಕರೆದುಕೊಂಡು ಹೋದಳು. ಮಳೆಗಾಲದಲ್ಲಿ ಫೋನ್ ಬಂತು. ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲವಂತೆ. ನಾನು ಬಸ್ಸು ಹಿಡಿದು ತಲುಪುವಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರು. ಮಗಳು ನನ್ನನ್ನು ಒಳಗೆ ಕರೆದು ಕೂರಿಸಿ, “ಅಕ್ಕಾ, ನಮ್ಮಪ್ಪ ನಿಮ್ಮನ್ನ ಭಾಳ ನೆನಸ್ತಿದ್ದ. ಎದುರುಮನ್ಯಾಕಿ ನನಗ ಒಂದು ಮಾತು ತಂದುಕೊಟ್ಟಾಳ ಅಂತಿದ್ದ. ಏನು ಮಾತು ಅಂದ್ರ ಹೇಳ್ತಿರಲಿಲ್ಲ” ಎಂದಳು.

ನಾನೂ ಹೇಳಲಿಲ್ಲ. ಅದು ಅವರಿಬ್ಬರದು.

ಈಗ ಹೊಳಗುಂದದಲ್ಲಿ ನನ್ನ ತಾಯಿ ಹಾಸಿಗೆ ಹಿಡಿದಿದ್ದಾಳೆ. ರಜೆ ಸಿಕ್ಕಾಗಲೆಲ್ಲ ಹೋಗಿ ಬಿಸಿನೀರಲ್ಲಿ ಬಟ್ಟೆ ಅದ್ದಿ ಅವಳ ಕಾಲು ಒರೆಸುತ್ತೇನೆ. “ಹಿತ ಅನಸ್ತೈತೇನವ್ವಾ?” ಎಂದರೆ “ಹ್ಞೂಂ” ಎನ್ನುತ್ತಾಳೆ. ನಿಜವೋ ಸುಳ್ಳೋ ತಿಳಿಯುವುದಿಲ್ಲ. ಬಟ್ಟೆ ಹಿಂಡಿ, ಇನ್ನೊಂದು ಕಾಲು ಒರೆಸುತ್ತೇನೆ.