ಡಾರ್ಸೆಟ್‌ನಲ್ಲಿ ಮಲಗಿರುವ ಮಾವ್ಶಿ

ಅವತ್ತು ಬೆಳಿಗ್ಗೆ ಎದ್ದವಳೇ ಎಂದಿನಂತೆ ಬಾಲ್ಕನಿ ಬಾಗಿಲಿನ ಸಂದಿಗೆ ತುರುಕಿದ್ದ ಹಳೆಯ ಟವೆಲ್ ತೆಗೆದು ಕೊಡವಿದೆ. ರಾತ್ರಿಯ ಗಾಳಿಗೆ ಅದರ ಮಡಿಕೆಗಳಲ್ಲೆಲ್ಲ ಮರಳು ಕೂತಿತ್ತು. ಯಜಮಾನರ ಡಬ್ಬಿಗೆ ಬೆಂಡೆಕಾಯಿ ಪಲ್ಯ ಹಾಕಿದೆ. ಮೀನು ಕಳಿಸಿದರೆ ಆಫೀಸಿನ ಮೈಕ್ರೋವೇವ್ ವಾಸನೆ ಬರುತ್ತದೆಂದು ಜನ ಮುಖ ಸಿಂಡರಿಸುತ್ತಾರಂತೆ. ಮಗಳಿಗೆ "ಅಜ್ಜಿಗೊಂದು ಮುತ್ತು ಕೊಟ್ಟು ಹೋಗೇ" ಎಂದರೆ, "ಬಸ್ ಈಸ್ ಹಿಯರ್ ಮಮ್ಮಾ!" ಎಂದು ಓಡಿದಳು.

ಅಮ್ಮ ಊಟದ ಮೇಜಿನ ತುದಿಯಲ್ಲಿ ಜಪಸರ ಹಿಡಿದು ಕೂತಿದ್ದಳು. ಮುಂದಿನ ವಾರ ಈ ಕೊಲ್ಲಿ ದೇಶದಲ್ಲಿ ಅವಳ ವಿಸಿಟ್ ವೀಸಾ ಮುಗಿಯುತ್ತಿತ್ತು. ಅಷ್ಟರೊಳಗೆ ಅವಳಿಗೆ ಆಗಬೇಕಾದದ್ದು ಒಂದೇ: ಇಲ್ಲಿನ ಊದ್ ಮೇಥಾದ ಇಗರ್ಜಿಯಲ್ಲಿ ಅವಳ ಮಾವ್ಶಿಯ ಆತ್ಮಕ್ಕೆ ಒಂದು ಪೂಜೆ. ನವೆಂಬರ್ ನಮ್ಮಲ್ಲಿ ಸತ್ತವರ ತಿಂಗಳು. ಪಾದ್ರಿ ಪೂಜೆಗೆ ಮೊದಲು ಒಬ್ಬೊಬ್ಬರ ಹೆಸರು ಓದುವಾಗ ಮಾವ್ಶಿಯ ಹೆಸರು ತನ್ನ ಕಿವಿಗೆ ಬೀಳಬೇಕು ಎಂದು ಅಮ್ಮನ ಹಟ.

ಆದರೆ ಆ ಹೆಸರು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮಾವ್ಶಿ ಎಂದರೆ ನನ್ನ ಅಜ್ಜಿಯ ಅಕ್ಕ. ಮಂಗಳೂರಿನಲ್ಲಿ ಒಬ್ಬ ಇಂಗ್ಲಿಷ್ ದೊರೆಯ ಮಕ್ಕಳಿಗೆ ಆಯಾ ಆಗಿದ್ದವಳು. ಅವರು ಊರಿಗೆ ಮರಳುವಾಗ ಇವಳನ್ನೂ ಹಡಗು ಹತ್ತಿಸಿಕೊಂಡು ಡಾರ್ಸೆಟ್ ಎಂಬ ಕೌಂಟಿಗೆ ಹೋದರು. ಅವಳು ತಿರುಗಿ ಬರಲಿಲ್ಲ. ನಮ್ಮ ಕೊಂಕಣಿ ಮನೆಗಳಲ್ಲಿ ಹಿರಿಯರ ಹೆಸರು ಹಿಡಿದು ಕರೆಯುವ ಪದ್ಧತಿಯಿಲ್ಲ. ಅಜ್ಜಿ ಸಾಯುವವರೆಗೂ ಅಕ್ಕನನ್ನು 'ಬಾಯ್' ಎಂದೇ ಕರೆದಳು. ಅಮ್ಮನಿಗೆ ಮಾವ್ಶಿ, ನಮಗೆಲ್ಲ ಬಿಲಾತಿ ಮಾವ್ಶಿ. ಅವಳು ಕಳಿಸಿದ ಬಿಸ್ಕತ್ತಿನ ತಗಡಿನ ಡಬ್ಬಿ ಎಲ್ಲರಿಗೂ ನೆನಪಿದೆ. ಮುಚ್ಚಳದ ಮೇಲೆ ಹುಲ್ಲಿನ ಮಾಡಿನ ಮನೆ, ಬಾಗಿಲಲ್ಲಿ ಬಿಳಿ ಬೆಕ್ಕು. ದೊರೆಯ ಹೆಸರಂತೂ ಮನೆಯಲ್ಲಿ ಚಿಕ್ಕಮಕ್ಕಳ ಬಾಯಿಗೂ ಬರುತ್ತಿತ್ತು. ಊರಿನ ಇಗರ್ಜಿಯಲ್ಲಿ ಹಳೆಯ ದಾಖಲೆ ನೋಡಲು ಹೇಳಿಸಿದರೆ, "ಹುಟ್ಟಿದ ಇಸವಿ ಹೇಳಿ, ಹುಡುಕುವಾ" ಎಂದರಂತೆ. ಇಸವಿ ಯಾರು ಕಂಡಿದ್ದಾರೆ?

ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಇಂಗ್ಲೆಂಡಿನ ಒಬ್ಬ ರಾಜನ ಆರು ಹೆಂಡತಿಯರ ಹೆಸರನ್ನು ಬಾಯಿಪಾಠ ಮಾಡಿಸಿದ್ದರು. ತಪ್ಪಿದರೆ ಬೆಂಚಿನ ಮೇಲೆ ನಿಲ್ಲಬೇಕಿತ್ತು. ಇವತ್ತಿಗೂ ಪಾತ್ರೆ ತೊಳೆಯುತ್ತ ಅವನ್ನು ಕ್ರಮ ತಪ್ಪದೆ ಹೇಳಬಲ್ಲೆ.

ದಿನವೂ ಅಡುಗೆ ಮುಗಿಸಿ ಲ್ಯಾಪ್‌ಟಾಪಿನ ಮುಂದೆ ಕೂತು, ದೊರೆಯ ಹೆಸರನ್ನೇ ಹಿಡಿದು ತಿಂಗಳುಗಟ್ಟಲೆ ಹುಡುಕಿದ್ದೆ. ಕೊನೆಗೆ ಆ ಕೌಂಟಿಯ ಒಂದು ಹಳ್ಳಿಯಲ್ಲಿ ಊರಿನ ಚರಿತ್ರೆ ಕೂಡಿಡುವ ಒಬ್ಬ ಹೆಂಗಸು ಸಿಕ್ಕಿದಳು. ಸಮಾಧಿ ಇದೆ, ನಾನೇ ಅಲ್ಲಿ ನಿಂತು ತೋರಿಸುತ್ತೇನೆ ಎಂದು ಬರೆದಳು. ವಾಟ್ಸಾಪ್ ಕಾಲ್ ಇಲ್ಲಿ ಹಿಡಿಯುವುದಿಲ್ಲವಾದ್ದರಿಂದ ಝೂಮ್ ಮಾಡುವುದೆಂದಾಯಿತು.

ಮಧ್ಯಾಹ್ನ ಅಮ್ಮ ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದು ಕೂತಳು. ಪರದೆಯಲ್ಲಿ ಮೊದಲು ಒದ್ದೆ ಹುಲ್ಲು, ಕೆಸರು ಮೆತ್ತಿದ ಬೂಟು, ಆಮೇಲೆ ಒಂದು ಕಲ್ಲು ಕಂಡಿತು. ಆ ಹೆಂಗಸು ಕೈಗವಸಿನಲ್ಲೇ ಪಾಚಿ ಒರೆಸಿದಳು.

"ಎಂತ ಬರೆದಿದ್ದಾರೆ? ಓದು," ಎಂದಳು ಅಮ್ಮ.

ಓದಿದೆ. ದೊರೆ, ದೊರೆಸಾನಿ, ಯುದ್ಧದಲ್ಲಿ ಸತ್ತ ಮಗ. ಎಲ್ಲರ ಹೆಸರೂ ಆಳವಾಗಿ ಕೊರೆದಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ: 'ಇವರ ನಂಬಿಗಸ್ತ ಆಯಾ ಸಹ.'

"ಮತ್ತೆ?"

"ಅಷ್ಟೇ ಅಮ್ಮ."

"ಆ ಹೆಂಗಸಿಗೆ ಗೊತ್ತಿರ್ತದೆ. ಹೆಸರು ಕೇಳು ಅವಳತ್ರ."

ಕೇಳಿದೆ. ಆಕೆಯ ಮುಖ ಮೊದಲ ಸಲ ಪರದೆಯೊಳಗೆ ಬಂತು. ಚಳಿಗೆ ಮೂಗು ಕೆಂಪಾಗಿತ್ತು. "ಅಯ್ಯೋ," ಎಂದಳು, "ನಾವು ನಿಮ್ಮನ್ನೇ ಕೇಳೋಣ ಅಂತಿದ್ದೆವು. ಪಕ್ಕದಲ್ಲಿ ಅವಳ ಹೆಸರಿನದೊಂದು ಪುಟ್ಟ ಫಲಕ ಹಾಕುವ ಆಸೆ. ಮನೆಯವರಿಗಾದರೂ ಗೊತ್ತಿರುತ್ತದಲ್ಲ ಅಂತ."

ನಾನು ಅದನ್ನು ಕೊಂಕಣಿಯಲ್ಲಿ ಹೇಳಲು ಹೊರಟೆ. ಬೇಕಾಗಲಿಲ್ಲ. ನನ್ನ ಮುಖ ನೋಡಿಯೇ ಅಮ್ಮ ಸೆರಗು ಸರಿಮಾಡಿಕೊಂಡು ಎದ್ದಳು. ಥ್ಯಾಂಕ್ಯೂ, ಸೋ ಕೈಂಡ್ ಆಫ್ ಯೂ ಎಂದು ಕಾನ್ವೆಂಟಿನ ವಿನಯದಲ್ಲಿ ಹೇಳಿ ನಾನು ಕಾಲ್ ಮುಗಿಸಿದೆ.

ಅಡುಗೆಮನೆಯಲ್ಲಿ ಅಮ್ಮ ತೊಳೆದಿಟ್ಟಿದ್ದ ಲೋಟವನ್ನೇ ಮತ್ತೆ ತೊಳೆಯುತ್ತಿದ್ದಳು.

"ದೊರೆ ಬರೆಸಲಿಲ್ಲ ಅಂತ ಅವನಿಗೆ ಬೈಯುವಾ ಅಂದ್ರೆ, ನಾವು ಯಾರು ದೊಡ್ಡ ಜನ?" ಎಂದಳು. "ಡಬ್ಬಿಯ ಮೇಲಿನ ಬೆಕ್ಕಿನ ಬಣ್ಣ ಗೊತ್ತುಂಟು ನಮಗೆ. ಇಗರ್ಜಿಗೆ ಹೋಗುದು ಬೇಡ. ದೇವರಿಗೆ ಹೆಸರು ಗೊತ್ತುಂಟು ಅಂತ ಮಾತ್ರ ನೀನು ನನಗೆ ಹೇಳ್ಬೇಡ."

ನಾನು ಅದನ್ನೇ ಹೇಳುವುದರಲ್ಲಿದ್ದೆ.

ಸಂಜೆ ಎದುರು ಫ್ಲಾಟಿನ, ನಮ್ಮ ಮಂಗಳೂರು ಕಡೆಯದೇ ಬ್ಯಾರಿ ಮುಸ್ಲಿಂ ಹೆಂಗಸು ನಮ್ಮ ತಟ್ಟೆ ಹಿಂದೆ ಕೊಡಲು ಬಂದಳು. ಖಾಲಿ ತಟ್ಟೆ ಕೊಡುವ ಜನವಲ್ಲ; ಅದರಲ್ಲಿ ಅಕ್ಕಿಯ ಬಿಸಿ ಪತ್ತಿರ್ ರೊಟ್ಟಿ ಇತ್ತು. ಅಮ್ಮನ ಸಪ್ಪೆ ಮುಖ ಕಂಡು, "ಎಂತಾಯ್ತಮ್ಮಾ, ಮಗಳು ಜಗಳ ಮಾಡಿದ್ಲಾ?" ಎಂದು ಚೇಷ್ಟೆ ಮಾಡಿದಳು. ನಾನೇ ಎಲ್ಲವನ್ನೂ ಹೇಳಿದೆ. ಅವಳು ಬಾಗಿಲ ಚೌಕಟ್ಟಿಗೆ ಒರಗಿ ಕೇಳಿ, ಚಪ್ಪಲಿಗೆ ಕಾಲು ತೂರಿಸುತ್ತ ನಕ್ಕಳು.

"ಅದಕ್ಕೆಲ್ಲ ಬೇಜಾರು ಮಾಡ್ತಾರಾ ಅಮ್ಮಾ? ನಾನೂ ಇವರೂ ಎದುರುಬದುರು ಇದ್ದು ಇಷ್ಟು ವರ್ಷ ಆಯ್ತು, ನಿಮ್ಮ ಈ ಮಗಳ ಹೆಸರೇ ನನಗೆ ಗೊತ್ತಿಲ್ಲ. ಫೋನಲ್ಲಿ 'ಎದುರು ಫ್ಲಾಟ್' ಅಂತ ಉಂಟು. ಎಂತ ಕಮ್ಮಿ ಆಗಿದೆ ಹೇಳಿ?"